ಅಂಗಡಿ ಕಟ್ಟೆಯ ಖಾಲಿ ಗೋಣಿತಾಟು

ಚಳ್ಳಕೆರೆ ಪೇಟೆಯಲ್ಲಿ ಬೆಳಗಾಗುವುದು ಸೂರ್ಯ ಹುಟ್ಟಿದಾಗಲ್ಲ, ಅಂಗಡಿಗಳ ಷಟರು ಮೇಲೆದ್ದಾಗ. ನೆಹರು ವೃತ್ತದ ಆಸುಪಾಸಿನಲ್ಲಿ ಮೊದಲು ಟೀ ಅಂಗಡಿ, ಆಮೇಲೆ ಹೂವಿನವರು, ಅವರ ಹಿಂದೆಯೇ ಕಿರಾಣಿ ಅಂಗಡಿಗಳು. ಷಟರು ಗಡಗಡನೆ ಮೇಲೇರುವ ಸದ್ದಿಗೆ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು, ಮುಂಗಾಲು ಚಾಚಿ ಮೈಮುರಿದು ಆಕಳಿಸುತ್ತದೆ. ಎರಡು ಮೆಟ್ಟಿಲಿಳಿದು, ಮಾಲೀಕ ಕಸ ಗುಡಿಸಿ ನೀರು ಚಿಮುಕಿಸುವವರೆಗೂ ರಸ್ತೆಯಂಚಿನಲ್ಲಿ ನಿಂತಿರುತ್ತದೆ. ಊದುಬತ್ತಿ ಹಚ್ಚಿ, ಗಲ್ಲಾಪೆಟ್ಟಿಗೆಗೆ ಕೈಮುಗಿದು ಮಾಲೀಕ ಕೂತ ಮೇಲೆ ನಾಯಿಯೂ ಹೋಗಿ ತನ್ನ ಗೋಣಿತಾಟಿನ ಮೇಲೆ ಕೂರುತ್ತದೆ. ಅಲ್ಲಿಗೆ ಅಂಗಡಿ ತೆರೆಯಿತು ಎಂದು ಅರ್ಥ.

ಈ ಪೇಟೆಯಲ್ಲಿ ಅಂಥ ಕಟ್ಟೆಗಳು ಬೇಕಾದಷ್ಟಿವೆ. ಯಾವುದೋ ಒಂದು ಕಟ್ಟೆಯ ಮೇಲೆ ಒಮ್ಮೊಮ್ಮೆ ಗೋಣಿತಾಟು ಮಾತ್ರ ಇರುತ್ತದೆ. ನಾಯಿ ಇರುವುದಿಲ್ಲ. ಹಳ್ಳಿಯಿಂದ ಸಾಮಾನಿಗೆ ಬಂದ ಗಿರಾಕಿ ಬೆಲ್ಲ, ಮೆಣಸಿನಕಾಯಿ, ಸೋಪು ಎಲ್ಲ ಕಟ್ಟಿಸಿಕೊಂಡು, ದುಡ್ಡು ಎಣಿಸಿ ಕೊಡುವಾಗ ಅಭ್ಯಾಸಬಲದಿಂದ ಕಾಲ ಬಳಿ ನೋಡುತ್ತಾನೆ.

"ಎಲ್ಲೋತಣ್ಣ ನಿಮ್ ನಾಯಿ? ಕಾಣ್ತಾನೇ ಇಲ್ವಲ್ಲ?"

"ಇಲ್ಲ ಕಣಣ್ಣ, ಹೋತು. ಹೋದ ತಿಂಗ್ಳು."

ಮಾಲೀಕ ಚೀಟಿ ಬರೆಯುತ್ತಲೇ ಉತ್ತರ ಹೇಳುತ್ತಾನೆ, ತಲೆ ಎತ್ತುವುದಿಲ್ಲ. ಆ ದಿನ ಅದೇ ಉತ್ತರ ಹೇಳುತ್ತಿರುವುದು ಮೂರನೆಯ ಸಲವೋ ನಾಲ್ಕನೆಯ ಸಲವೋ.

ಮನೆಯ ನಾಯಿ ಸತ್ತರೆ ಮನೆಯವರು ನಾಲ್ಕು ದಿನ ಅತ್ತು ಸುಮ್ಮನಾಗಬಹುದು. ಅಂಗಡಿಯ ನಾಯಿ ಸತ್ತರೆ ಹಾಗಾಗುವುದಿಲ್ಲ. ಅದನ್ನು ಬಲ್ಲವರು ಹತ್ತಾರು ಹಳ್ಳಿಗಳಲ್ಲಿ ಇದ್ದಾರೆ. ಒಬ್ಬರು ಸಂತೆಗೆ ಬರುತ್ತಾರೆ, ಇನ್ನೊಬ್ಬರು ಹಬ್ಬಕ್ಕೆ, ಮತ್ತೊಬ್ಬರು ಮಗಳ ಮದುವೆಯ ಸಾಮಾನಿಗೆ. ಬಂದವರೆಲ್ಲ ಒಂದೊಂದು ಸಲ ಕೇಳುತ್ತಾರೆ, ಮಾಲೀಕ ಒಂದೊಂದು ಸಲವೂ ಹೇಳಬೇಕು. ಹೀಗೆ ಅಂಗಡಿ ನಾಯಿಗೆ ವಿದಾಯ ಹೇಳಿ ಮುಗಿಯಲು ಒಂದು ವರ್ಷವೇ ಹಿಡಿಯುತ್ತದೆ.

ಎಣ್ಣೆ ಊರಿನ ಕಾವಲು

ಚಿತ್ರದುರ್ಗ ಜಿಲ್ಲೆಯ ಈ ಮೂಡಣ ಸೀಮೆ ಕರ್ನಾಟಕದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಮೋಡ ಬರುತ್ತದೆ, ಆಸೆ ತೋರಿಸುತ್ತದೆ, ಆಂಧ್ರದ ಕಡೆ ಹೋಗಿಬಿಡುತ್ತದೆ. ಇದ್ದ ಅಷ್ಟಿಷ್ಟು ಹಸಿಯಲ್ಲಿ ಕೈಗೆ ಹತ್ತುವ ಬೆಳೆ ಶೇಂಗಾ. ಆ ಶೇಂಗಾದಿಂದಲೇ ಚಳ್ಳಕೆರೆ ಎಣ್ಣೆಯ ಊರಾಯಿತು. ಸುತ್ತಲ ತಾಲ್ಲೂಕುಗಳಿಂದ, ಗಡಿಯಾಚೆಯ ಹಳ್ಳಿಗಳಿಂದ ಚೀಲಗಳು ಬಂದು ಇಲ್ಲಿನ ಮಿಲ್ಲುಗಳಲ್ಲಿ ಸಿಪ್ಪೆ ಬಿಡಿಸಿಕೊಂಡು, ಅರೆಸಿಕೊಂಡು, ಎಣ್ಣೆ ಒಂದು ದಾರಿಗೆ, ಹಿಂಡಿ ಒಂದು ದಾರಿಗೆ ಹೋಗುತ್ತಿದ್ದವು. ಎಣ್ಣೆ ವ್ಯಾಪಾರದಲ್ಲಿ ಚಳ್ಳಕೆರೆ ಎಂದರೆ ಎರಡನೇ ಮುಂಬೈ ಎಂದು ಊರಿನ ಹಿರಿಯರು ಈಗಲೂ ಹೇಳಿಕೊಳ್ಳುತ್ತಾರೆ.

ಚೀಲ ಇದ್ದಲ್ಲಿ ಹೆಗ್ಗಣ, ಹೆಗ್ಗಣ ಇದ್ದಲ್ಲಿ ನಾಯಿ. ಮಿಲ್ಲಿನ ಅಂಗಳದಲ್ಲಿ ಹರವಿದ ಕಾಯಿಗೆ ರಾತ್ರಿ ಹಂದಿ, ಬೀದಿ ದನ ಬಾಯಿ ಹಾಕದಂತೆ ನೋಡಿಕೊಳ್ಳಲು, ಗೋಡೆ ಹಾರುವವನಿಗೆ ಇಲ್ಲಿ ಯಾರೋ ಎಚ್ಚರವಾಗಿದ್ದಾರೆ ಎಂದು ತಿಳಿಸಲು ಒಂದು ನಾಯಿ ಬೇಕೇ ಬೇಕಿತ್ತು. ಅದನ್ನು ಯಾರೂ ಕೊಂಡು ತಂದವರಲ್ಲ. ಬೀದಿಯಲ್ಲಿ ಮರಿ ಹಾಕಿದ ನಾಯಿಯ ಸೂಲಿನಲ್ಲಿ ಒಂದು ಮರಿ ಲಾರಿಗೆ ಸಿಕ್ಕದೆ, ರೋಗಕ್ಕೆ ಬಲಿಯಾಗದೆ ಉಳಿದು ಹಮಾಲರ ಊಟದ ಡಬ್ಬಿಯ ಸುತ್ತ ಸುಳಿದಾಡುತ್ತಿತ್ತು. ಯಾರೋ ಒಂದು ಮುದ್ದೆಯ ಚೂರು ಎಸೆದರು. ಮರುದಿನ ಅದೇ ಹೊತ್ತಿಗೆ ಬಂತು. ಮೂರನೆಯ ದಿನ ಅಲ್ಲೇ ಮಲಗಿತು. ನೇಮಕಾತಿ ಮುಗಿಯಿತು.

1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಸರ್ಕಾರ ಬಾಗಿಲು ತೆರೆದ ಮೇಲೆ ಶೇಂಗಾ ಎಣ್ಣೆಗೆ ಮೊದಲಿನ ಬೆಲೆ ಉಳಿಯಲಿಲ್ಲ. ಅದರ ಮೇಲೆ ಬರ. ಮಿಲ್ಲುಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು, ಅಂಗಳಗಳು ಗೋದಾಮುಗಳಾದವು. ಹಮಾಲರು ಬೇರೆ ಊರಿನ ಕೆಲಸಕ್ಕೆ ಹೋದರು. ನಾಯಿಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವು ಮಿಲ್ಲಿನ ಗೇಟಿನಿಂದ ಎದ್ದು ಬಂದು ಕಿರಾಣಿ ಅಂಗಡಿಯ ಕಟ್ಟೆಗೆ, ಬೀಜ ಗೊಬ್ಬರದ ಅಂಗಡಿಯ ಮುಂದಕ್ಕೆ, ಮಂಡಕ್ಕಿ ಮೆಣಸಿನಕಾಯಿ ಮಾರುವ ಹೋಟೆಲಿನ ನೆರಳಿಗೆ ಬಂದು ಕೂತವು. ಕಾಯಲು ಹೆಚ್ಚೇನೂ ಇಲ್ಲದಿದ್ದರೂ ಕಾಯುವ ಅಭ್ಯಾಸ ಹೋಗಲಿಲ್ಲ.

ಕೆಂಚನ ದಿನಚರಿ

ಅಂಥದೊಂದು ನಾಯಿಗೆ ಕೆಂಚ ಎಂಬ ಹೆಸರು ಇಟ್ಟುಕೊಳ್ಳಬಹುದು. ಈ ಸೀಮೆಯಲ್ಲಿ ಕೆಂಪು ಮೈಯ ನಾಯಿಗೆಲ್ಲ ಅದೇ ಹೆಸರು. ಕಪ್ಪಿದ್ದರೆ ಕರಿಯ, ಚುಕ್ಕೆ ಇದ್ದರೆ ಚುಕ್ಕಿ. ಮಾಲೀಕನ ಮಗ ಪೇಟೆಯ ಶಾಲೆಗೆ ಹೋಗುವವನಾದರೆ ಟೈಗರ್, ರಾಜ.

ಕೆಂಚನ ಕೆಲಸ ಬೊಗಳುವುದು ಎಂದು ಹೊಸಬರು ತಿಳಿಯುತ್ತಾರೆ. ಹಗಲು ಹೊತ್ತಿನಲ್ಲಿ ಕೆಂಚ ಬೊಗಳಿದ್ದನ್ನು ಕಂಡವರು ಕಡಿಮೆ. ಅದರ ನಿಜವಾದ ಕೆಲಸ ಗುರುತು ಹಿಡಿಯುವುದು. ತಿಂಗಳ ಬಾಕಿ ಇಟ್ಟ ಗಿರಾಕಿ ರಸ್ತೆಯ ಆ ಬದಿಯಲ್ಲಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರೆ ಕೆಂಚ ಎದ್ದು ಬಾಲ ಆಡಿಸಿಕೊಂಡು ಅವನ ಹಿಂದೆ ನಾಲ್ಕು ಹೆಜ್ಜೆ ಹೋಗಿಬಿಡುತ್ತದೆ. ಮಾಲೀಕ ತಲೆ ಎತ್ತಿ ನೋಡುತ್ತಾನೆ. ಗಿರಾಕಿ ನಾಚಿ ಬಂದು ನೂರು ರೂಪಾಯಿ ಕೊಟ್ಟು ಹೋಗುತ್ತಾನೆ. "ನಿಮ್ ನಾಯಿನೇ ವಸೂಲಿಗೆ ಇಟ್ಕಂಡೀರೇನ್ ಸಾವ್ಕಾರ್ರೆ?" ಎಂದು ಪಕ್ಕದ ಅಂಗಡಿಯವರು ನಗುತ್ತಾರೆ.

ಮಧ್ಯಾಹ್ನದ ಬಿಸಿಲು ಇಲ್ಲಿ ಬೇರೆಯೇ ಬಗೆಯದು. ಏಪ್ರಿಲಿನಲ್ಲಿ ರಸ್ತೆಯ ಡಾಂಬರು ಕಾಲಿಗೆ ಅಂಟುತ್ತದೆ. ಆಗ ಕೆಂಚ ಅಂಗಡಿಯ ಒಳಗೆ ನೀರಿನ ಕೊಡದ ಪಕ್ಕದ ತಂಪು ನೆಲದಲ್ಲಿ ಮಲಗಿರುತ್ತದೆ. ಅದನ್ನು ದಾಟಿಕೊಂಡು ಹೋಗಿ ಸಕ್ಕರೆ ತೂಗಬೇಕು, ದಾಟಿಕೊಂಡು ಬಂದು ದುಡ್ಡು ತೆಗೆದುಕೊಳ್ಳಬೇಕು. ವರ್ಷಗಟ್ಟಲೆ ದಾಟಿದ ಕಾಲಿಗೆ ಅದು ರೂಢಿಯಾಗಿಬಿಡುತ್ತದೆ.

ಸಂಜೆ ನಾಲ್ಕಕ್ಕೆ ಟೀ ಬರುತ್ತದೆ. ಟೀ ಜತೆ ಒಂದು ಬನ್ನು. ಮಾಲೀಕ ಬನ್ನು ಮುರಿದು ಮೊದಲ ಅರ್ಧವನ್ನು ಕೆಳಗೆ ಹಾಕುತ್ತಾನೆ, ಉಳಿದ ಅರ್ಧವನ್ನು ಟೀಯಲ್ಲಿ ಅದ್ದಿಕೊಳ್ಳುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ತಿನ್ನುತ್ತಾರೆ. ಹತ್ತು ಹನ್ನೆರಡು ವರ್ಷ ಇದು ಹೀಗೇ ನಡೆಯುತ್ತದೆ. ಪ್ರೀತಿ ಎಂಬ ಮಾತನ್ನು ಇಬ್ಬರಲ್ಲಿ ಯಾರೂ ಆಡುವುದಿಲ್ಲ. ಯಾರಾದರೂ ಕೇಳಿದರೆ "ಏನೋ ಬಿದ್ದಿರ್ತೈತೆ ಬಿಡಪ್ಪ" ಎಂದು ಮಾಲೀಕ ಮಾತು ಹಾರಿಸುತ್ತಾನೆ.

ಕೊನೆಯ ದಿನಗಳು

ಬೀದಿಯಲ್ಲಿ ಹುಟ್ಟಿದ ನಾಯಿ ಹತ್ತು ದಾಟಿತೆಂದರೆ ಅದು ದೊಡ್ಡ ಆಯಸ್ಸು. ಮುದಿತನ ಮೊದಲು ಕಾಣುವುದು ಮೂತಿಯಲ್ಲಿ. ಕೆಂಪು ಹೋಗಿ ಬಿಳಿ ಬರುತ್ತದೆ. ಆಮೇಲೆ ಹಿಂಗಾಲು. ಕಟ್ಟೆಯ ಎರಡು ಮೆಟ್ಟಿಲು ಹತ್ತಲು ಒಂದು ಗಳಿಗೆ ಯೋಚಿಸುತ್ತದೆ. ಷಟರಿನ ಸದ್ದಿಗೆ ಏಳುವುದಿಲ್ಲ, ಮಾಲೀಕ ಬಂದು ಮುಟ್ಟಿದ ಮೇಲೆ ಏಳುತ್ತದೆ. ಕಿವಿ ಹೋಗಿದೆ ಎಂದು ತಿಳಿಯುವುದು ಆಗಲೇ.

ಊರಿನಲ್ಲಿ ಪಶು ಆಸ್ಪತ್ರೆ ಇದೆ. ಆದರೆ ಈ ಬಯಲು ಸೀಮೆಯಲ್ಲಿ ಆಸ್ಪತ್ರೆಯ ಮುಂದೆ ನಿಲ್ಲುವುದು ದನ, ಎಮ್ಮೆ, ಕುರಿ. ಬದುಕು ನಡೆಸುವ ಪ್ರಾಣಿಗಳ ಸಾಲಿನಲ್ಲಿ ಮುದಿ ನಾಯಿಯನ್ನು ಎತ್ತಿಕೊಂಡು ನಿಲ್ಲಲು ಅಂಗಡಿಯವನಿಗೆ ಸಂಕೋಚ. ಹಿಂಜರಿಯುತ್ತಲೇ ನಾಲ್ಕು ದಿನ ಕಳೆದುಬಿಡುತ್ತದೆ. ಕೊನೆಗೆ ಆಟೊದಲ್ಲಿ ಹಾಕಿಕೊಂಡು ಹೋದರೆ ಡಾಕ್ಟರು ಕಣ್ಣಿನ ರೆಪ್ಪೆ ಸರಿಸಿ ನೋಡಿ, ಸೂಜಿ ಹಾಕಿ, "ವಯಸ್ಸಾಗಿದೆ, ನೀರು ಕುಡಿಸಿ, ನೋಡೋಣ" ಎನ್ನುತ್ತಾರೆ. ಮುಂಚೆಯೇ ಕರೆದುಕೊಂಡು ಹೋಗಬಹುದಿತ್ತಲ್ಲ ಎಂಬ ಮಾತು ಆಮೇಲೆ ಬಹಳ ದಿನ ಎದೆಯಲ್ಲಿ ಕುಟುಕುತ್ತದೆ. ಬಾಯಲ್ಲಿ ಹೇಳುವುದಿಲ್ಲ.

ಸತ್ತ ದಿನ ಅಂಗಡಿ ಮುಚ್ಚುವುದಿಲ್ಲ. ನಾಯಿ ಸತ್ತಿತೆಂದು ಅಂಗಡಿ ಮುಚ್ಚಿದರೆ ನಾಲ್ಕು ಜನ ಏನಂದಾರು? ಷಟರು ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಹಳೆಯ ಕಂಬಳಿಯ ಒಂದು ತುಂಡು ಹುಡುಕುತ್ತಾರೆ. ಕಂಬಳಿ ನೇಯುವ ಊರಿನಲ್ಲಿ ಅದಕ್ಕೆ ಬರವಿಲ್ಲ. ಅದರಲ್ಲಿ ಸುತ್ತಿ, ಪಕ್ಕದ ಅಂಗಡಿಯ ಹುಡುಗ ಒಂದು ಕಡೆ, ತಾನೊಂದು ಕಡೆ ಹಿಡಿದು ಊರಾಚೆಯ ಜಾಲಿಗಿಡಗಳ ಕಡೆ ಹೋಗುತ್ತಾರೆ. ನೆಲ ಗಟ್ಟಿ. ಹಾರೆಯಿಂದ ಎಬ್ಬಿದರೆ ಮೇಲೆ ಬರುವುದು ಮಣ್ಣಿಗಿಂತ ಹೆಚ್ಚು ಕಲ್ಲು. ಮೊಳಕಾಲಿನಷ್ಟು ಆಳವಾಗುವ ಹೊತ್ತಿಗೆ ಅಂಗಿ ಒದ್ದೆಯಾಗಿರುತ್ತದೆ. ಒಂದು ಸೇರು ಉಪ್ಪು, ಅರಿಶಿನ ಕುಂಕುಮ, ಎರಡು ಊದುಬತ್ತಿ. ಬೀದಿನಾಯಿಗಳು ಕೆದರದಂತೆ ಮೇಲೆ ಜಾಲಿಮುಳ್ಳು, ಅದರ ಮೇಲೆ ಕಲ್ಲು. ಹುಡುಗ ಒಂದು ಪೊಟ್ಟಣ ಬಿಸ್ಕತ್ತು ಒಡೆದು ಮಣ್ಣಿನ ಮೇಲೆ ಇಡುತ್ತಾನೆ. ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಬಂದು ಕೈಕಾಲು ತೊಳೆದು ಷಟರು ಪೂರ್ತಿ ಎತ್ತಿದಾಗ ಮಧ್ಯಾಹ್ನದ ವ್ಯಾಪಾರ ಶುರುವಾಗಿರುತ್ತದೆ. ಸಕ್ಕರೆ ತೂಗಲು ಒಳಗೆ ಹೋಗುವಾಗ ಕಾಲು ತಾನಾಗಿ ಮೇಲೆದ್ದು, ಅಲ್ಲಿ ಇಲ್ಲದ್ದನ್ನು ದಾಟುತ್ತದೆ.

ಮೊಳಕಾಲ್ಮೂರಿನ ಹಾದಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವವರು ಬಳ್ಳಾರಿ ರಸ್ತೆ ಹಿಡಿಯಬೇಕು. ದಾರಿಯಲ್ಲಿ ತಳಕು ಸಿಗುತ್ತದೆ. ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಅವರ ಹೆಸರಿನ ಮೊದಲಕ್ಷರವಾಗಿ ಕನ್ನಡದ ಮನೆಮನೆಗೆ ಹೋದ ಊರು. ಅಲ್ಲಿಂದ ಬಿ.ಜಿ. ಕೆರೆ, ಹಾನಗಲ್. ಹಾನಗಲ್ಲಿನಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಮೊಳಕಾಲ್ಮೂರು. ಎರಡೂ ಕಡೆ ಕರಿಬಂಡೆಯ ಗುಡ್ಡಗಳು, ಕುರುಚಲು, ಹುಲ್ಲುಗಾವಲು. ನಡುನಡುವೆ ಕುರಿ ಹಿಂಡು. ಹಿಂಡಿನ ಮುಂದೆ ಕುರಿಗಾಹಿ, ಹಿಂದೆ ನಾಯಿ. ಕುರಿಗಾಹಿಯ ನಾಯಿಗೂ ಪೇಟೆಯ ನಾಯಿಗೂ ವ್ಯತ್ಯಾಸವಿದೆ. ಇದು ಬಸ್ಸಿನ ಕಡೆ ನೋಡುವುದಿಲ್ಲ, ಬಿಸ್ಕತ್ತಿಗೆ ಬರುವುದಿಲ್ಲ. ಇದಕ್ಕೆ ಲೆಕ್ಕದಲ್ಲಿರುವುದು ಕುರಿಗಳು ಮಾತ್ರ.

ಮೊಳಕಾಲ್ಮೂರು ಚಳ್ಳಕೆರೆಯಷ್ಟು ದೊಡ್ಡ ಪೇಟೆಯಲ್ಲ. ಬೆಟ್ಟದ ಮಡಿಲಲ್ಲಿ ಕೂತ ಊರು. ಇಲ್ಲಿಂದ ಆಂಧ್ರದ ರಾಯದುರ್ಗ ಕೈಯಳತೆಯ ದೂರ. ಹಾಗಾಗಿ ಅಂಗಡಿಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಾಯಿಗಳಿಗೂ ಎರಡೂ ಭಾಷೆ ತಿಳಿಯುತ್ತದೆ. ಊರಿನ ಹೆಸರು ಹೊರಗೆ ಹೋಗಿರುವುದು ರೇಷ್ಮೆ ಸೀರೆಯಿಂದ. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಒಳಕೇರಿಗಳಲ್ಲಿ ನಡೆದರೆ ಮಗ್ಗದ ಸದ್ದು ಕೇಳುತ್ತದೆ. ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವರು ಲಾಳಿ ಎಸೆಯುತ್ತಿರುತ್ತಾರೆ.

ನೇಕಾರರ ಕೇರಿಯ ನಾಯಿಗೆ ಬೇರೆ ಶಿಸ್ತು. ಹಾಸಿನ ಬಳಿ ಸುಳಿಯುವಂತಿಲ್ಲ. ಒಂದು ಕೂದಲು ರೇಷ್ಮೆಗೆ ಅಂಟಿದರೆ, ಒಂದು ಉಗುರು ಎಳೆಗೆ ಸಿಕ್ಕಿದರೆ ದಿನಗಟ್ಟಲೆಯ ದುಡಿಮೆ ಹಾಳು. ಆದ್ದರಿಂದ ಅದರ ಜಾಗ ಹೊಸಲಿನ ಆಚೆ. ಸೀರೆ ಕೊಳ್ಳಲು ದೂರದಿಂದ ಬಂದವರು ಚಪ್ಪಲಿ ಬಿಡುವ ಜಾಗದಲ್ಲಿ ಅದು ಮಲಗಿರುತ್ತದೆ. ಮದುವೆ ಸೀರೆಗೆಂದು ಬಂದ ಹೆಣ್ಣುಮಕ್ಕಳು ಒಳಗೆ ಬಣ್ಣ ಆರಿಸುವಷ್ಟು ಹೊತ್ತೂ ಹೊರಗೆ ಚಪ್ಪಲಿ ಕಾಯುತ್ತದೆ. ಹತ್ತು ವರ್ಷದ ನಂತರ ಅದೇ ಹೆಣ್ಣುಮಗಳು ತಂಗಿಯ ಸೀರೆಗೆಂದು ಬಂದಾಗ, "ಇಲ್ಲೊಂದು ನಾಯಿ ಇತ್ತಲ್ವಾ ಅಣ್ಣ?" ಎಂದು ಕೇಳುತ್ತಾಳೆ. ಕೊಂಡ ಸೀರೆಯ ಬೆಲೆ ಅವಳಿಗೆ ಮರೆತಿದೆ, ನಾಯಿ ನೆನಪಿದೆ.

ಬಂಡೆಯ ಮೇಲಿನ ಮಾತು

ಕನ್ನಡದ ಮಾತು ನಾಯಿಯ ಬಗ್ಗೆ ಅಷ್ಟೇನೂ ಕರುಣೆ ತೋರಿಲ್ಲ. ಬೈಯುವುದಕ್ಕೆ ನಾಯಿ, ಕಷ್ಟಕ್ಕೆ ನಾಯಿಪಾಡು, ತಿದ್ದಲಾಗದ್ದಕ್ಕೆ ನಾಯಿಬಾಲ. ಆದರೆ ನಿಯತ್ತು ಎಂಬ ಮಾತು ಬಂದಾಗ ಮಾತ್ರ ಎಲ್ಲರೂ ನಾಯಿಯ ಕಡೆಗೇ ಬೆರಳು ತೋರಿಸುತ್ತಾರೆ. ಈ ಸೀಮೆಯ ನಂಬಿಕೆಯಲ್ಲೂ ಈ ಎರಡು ಮುಖ ಕಾಣುತ್ತದೆ. ಮೊಳಕಾಲ್ಮೂರಿನ ಬಳಿಯ ನುಂಕೆಮಲೆ ಬೆಟ್ಟ ಭೈರವನ ನೆಲೆ. ಭೈರವನಿಗೆ ನಾಯಿಯೇ ವಾಹನ. ಮೈಲಾರಲಿಂಗನ ಒಕ್ಕಲಾದ ಗೊರವಯ್ಯಗಳು ಕರಿಕಂಬಳಿ ಹೊದ್ದು, ಡಮರುಗ ಹಿಡಿದು ಬರುತ್ತಾರೆ. ದೋಣಿ ಸೇವೆಯಲ್ಲಿ ಮರದ ದೋಣಿಗೆ ಹಾಕಿದ ಪ್ರಸಾದವನ್ನು ನಾಯಿಗಳಂತೆ ಬೊಗಳುತ್ತ ಬಾಯಿಂದಲೇ ತಿನ್ನುತ್ತಾರೆ. ದೇವರ ಮುಂದೆ ತಾನು ನಾಯಿ ಎಂದು ಹೇಳಿಕೊಳ್ಳುವುದು ಅವರಿಗೆ ಅವಮಾನವಲ್ಲ, ಸೇವೆ.

ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇನ್ನೂ ಹಳೆಯ ಮಾತೊಂದು ಬಂಡೆಯ ಮೇಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸಂದೇಶ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡ ಎಂಬವನು ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಸಂದೇಶದ ತಿರುಳು ಸರಳ. ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ತಾಯಿ ತಂದೆಗೂ ಸತ್ಯಕ್ಕೂ ನಡುವೆ ಜೀವಿಗಳಿಗೆ ಜಾಗ ಸಿಕ್ಕಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಅಶೋಕನಿಗಿಂತಲೂ ಹಿಂದಿನ ಜನವಸತಿಯ ಕುರುಹುಗಳು ಸಿಕ್ಕವು. ಈ ಬರದ ನೆಲದಲ್ಲಿ ಮನುಷ್ಯನೂ ಪ್ರಾಣಿಯೂ ನೆರಳು ಹಂಚಿಕೊಂಡು ಬಾಳಿದ್ದು ನಿನ್ನೆ ಮೊನ್ನೆಯದಲ್ಲ.

ನಾಯಿಗೆ ವಿದಾಯ ಹೇಳಿದ ಕಲ್ಲನ್ನೇ ನೋಡಬೇಕೆನ್ನುವವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಶಾಸನ ಅಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ತಕ್ಕೋಲದಲ್ಲಿ ಗೆದ್ದ ಸಮಯ. ಗಂಗ ಬೂತುಗನ ಕಡೆಯ ಮಣಲೆರ ಎಂಬ ವೀರನ ಸಾಹಸಕ್ಕೆ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಹಳ್ಳಿ ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೊಡಿ ಎಂದ. ಮುಂದೆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿದ, ಅದಕ್ಕೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿಯ ಕಾಳಗ ಇಂದಿಗೂ ಕಾಣುತ್ತದೆ. ಆ ಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅವನದು ಎಂದೂ ಶಾಸನ ಕಟ್ಟಪ್ಪಣೆ ಮಾಡುತ್ತದೆ.

ಮೊದಲು ನಾಯಿಗೆ, ಆಮೇಲೆ ತನಗೆ. ಸಾವಿರ ವರ್ಷದ ಆ ಕಟ್ಟಳೆಯನ್ನು ಓದಿದವರಿಗೆ ಚಳ್ಳಕೆರೆಯ ಅಂಗಡಿಯಲ್ಲಿ ಮುರಿದ ಬನ್ನಿನ ಮೊದಲ ಅರ್ಧ ನೆನಪಾಗದೆ ಇರದು.

ಹತ್ತಿರದ ಇತ್ತೀಚಿನ ಉದಾಹರಣೆಯೂ ಇದೆ. ದಾವಣಗೆರೆ ಪೊಲೀಸ್ ಶ್ವಾನದಳದ ತುಂಗಾ ಎಂಬ ಡಾಬರ್‌ಮನ್ ಕೊಲೆ ಪ್ರಕರಣಗಳ ಜಾಡು ಹಿಡಿದು ಹೆಸರಾಗಿತ್ತು. 2022ರಲ್ಲಿ ಅದು ಸತ್ತಾಗ ಪೊಲೀಸರು ಗೌರವದಿಂದ ಬೀಳ್ಕೊಟ್ಟರು. ದೂರದ ಜಪಾನಿನಲ್ಲಿ ಹಾಚಿಕೊ 1925ರಲ್ಲಿ ಸತ್ತ ಒಡೆಯನಿಗಾಗಿ ಟೋಕಿಯೊದ ಶಿಬುಯಾ ರೈಲು ನಿಲ್ದಾಣಕ್ಕೆ 1935ರಲ್ಲಿ ತಾನು ಸಾಯುವವರೆಗೂ ಬರುತ್ತಿತ್ತು. ಅದಕ್ಕೆ ಅಲ್ಲಿ ಪ್ರತಿಮೆ ಇದೆ. ರಾಜನ ನಾಯಿಗೆ ಕಲ್ಲು, ಇಲಾಖೆಯ ನಾಯಿಗೆ ಗೌರವ, ನಿಲ್ದಾಣದ ನಾಯಿಗೆ ಪ್ರತಿಮೆ. ಅಂಗಡಿಯ ನಾಯಿಗೆ ಜಾಲಿಮುಳ್ಳು, ಅದರ ಮೇಲೊಂದು ಕಲ್ಲು.

ಯಾರ ನಾಯಿ?

ಈ ನಾಯಿಗಳು ಯಾರವು ಎಂಬ ಪ್ರಶ್ನೆ ಈಚೆಗೆ ಅಂಗಡಿ ಕಟ್ಟೆಯಿಂದ ನ್ಯಾಯಾಲಯದವರೆಗೂ ಹೋಗಿದೆ. ಕೇಂದ್ರ ಸರ್ಕಾರದ 2023ರ ನಿಯಮಗಳು ಬೀದಿಯಲ್ಲಿ ಬಾಳುವ ಇಂಥ ನಾಯಿಗಳನ್ನು ಸಮುದಾಯದ ಪ್ರಾಣಿಗಳು ಎಂದು ಕರೆದವು. ಸಂತಾನಹರಣ ಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಎಂದವು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಿ ಆಶ್ರಯತಾಣಗಳಿಗೆ ಸೇರಿಸಬೇಕು, ಮತ್ತೆ ಅಲ್ಲಿಗೆ ಬಿಡಕೂಡದು ಎಂದು ಆದೇಶಿಸಿತು.

ಆದೇಶಕ್ಕೆ ಕಾರಣವಿದೆ. ನಾಯಿ ಕಡಿತ ಸಣ್ಣ ವಿಷಯವಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಮನುಷ್ಯ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಶಾಲೆಗೆ ಹೋಗುವ ಮಗುವನ್ನು ನಾಯಿ ಹಿಂಡು ಅಟ್ಟಿಸಿಕೊಂಡು ಬಂದದ್ದನ್ನು ಕಂಡ ತಾಯಿಗೆ ಕೆಂಚನ ಕಥೆ ಹೇಳಿ ಪ್ರಯೋಜನವಿಲ್ಲ. ಆದರೆ ಬಸ್ ನಿಲ್ದಾಣದ ಅಕ್ಕಪಕ್ಕದಲ್ಲೇ ಅಂಗಡಿಗಳಿರುವ ಊರುಗಳಲ್ಲಿ ಯಾವುದು ನಿಲ್ದಾಣದ ನಾಯಿ, ಯಾವುದು ಅಂಗಡಿಯ ನಾಯಿ? ಹಗಲು ಅಂಗಡಿಯ ಕಟ್ಟೆ, ರಾತ್ರಿ ಕೊನೆಯ ಬಸ್ಸಿನ ಪ್ರಯಾಣಿಕರ ನಡುವೆ. ಅದಕ್ಕೆ ಮನೆ ನಂಬರು ಇಲ್ಲ, ಒಡೆಯನ ಹೆಸರಿನ ಚೀಟಿ ಇಲ್ಲ.

ಅಂಗಡಿಯವರಲ್ಲಿ ತಿಳಿದವರು ಕೊರಳಿಗೊಂದು ಪಟ್ಟಿ ಕಟ್ಟಿಸುತ್ತಾರೆ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ ಕಾರ್ಡನ್ನು ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಇಡುತ್ತಾರೆ. "ಏನೋ ಬಿದ್ದಿರ್ತೈತೆ" ಎನ್ನುವ ಮಾತಿನಲ್ಲಿ ಅಕ್ಕರೆ ಇದ್ದರೂ ಹೊಣೆ ಇಲ್ಲ. ನಾಯಿ ಬದುಕಿರುವಾಗ ನನ್ನದು ಎಂದು ಹೇಳದವನಿಗೆ ಸತ್ತ ಮೇಲೆ ನನ್ನದಾಗಿತ್ತು ಎಂದು ಅಳಲು ಸಂಕೋಚವಾಗುತ್ತದೆ. ಅಂಗಡಿ ನಾಯಿಯ ಸಾವಿನಲ್ಲಿ ಎಲ್ಲಕ್ಕಿಂತ ಭಾರವಾದ ನೋವು ಇದೇ ಇರಬಹುದು. ಕಾಗದದಲ್ಲಿ ಇಲ್ಲದ ಸಂಬಂಧ ಅದು. ಕಳೆದುಕೊಂಡಾಗ ತೋರಿಸಲು ಏನೂ ಇರುವುದಿಲ್ಲ.

ನಾಲ್ಕರ ಟೀ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಈ ಸೀಮೆಗೆಲ್ಲ ದೊಡ್ಡ ಹೆಸರು. ಮಾಡಿದವರಿಗೆ ಮಾಡಿದಷ್ಟು ಎಂಬ ಆತನ ಮಾತು ಇಲ್ಲಿನ ಅಂಗಡಿಗಳ ಗೋಡೆಯಲ್ಲೂ ಜನರ ಬಾಯಲ್ಲೂ ಇದೆ. ಕೂಲಿ ಲೆಕ್ಕಕ್ಕೂ ಆ ಮಾತು ಒದಗುತ್ತದೆ, ಸಾವಿನ ಮನೆಗೂ ಒದಗುತ್ತದೆ. ನಾಯಿ ಸತ್ತ ಅಂಗಡಿಯಲ್ಲಿ ಹಿರಿಯ ಗಿರಾಕಿಯೊಬ್ಬರು ಅದನ್ನೇ ಹೇಳುತ್ತಾರೆ.

"ಅದು ಮಾಡೋಷ್ಟು ಮಾಡಿ ಹೋತು ಬಿಡಪ್ಪ. ನೀನೂ ಹಾಕೋಷ್ಟು ಹಾಕಿದೀಯ. ಋಣ ತೀರ್ತು."

"ತೀರ್ತು ಅಂತೀಯೇನಜ್ಜ?"

ಅಜ್ಜ ಉತ್ತರ ಹೇಳುವುದಿಲ್ಲ. ಎಲೆಯಡಿಕೆ ಚೀಲ ಬಿಚ್ಚುತ್ತಾರೆ.

ಇನ್ನೊಂದು ಮರಿ ತಂದುಕೊಳ್ಳಿ ಎಂದು ಹೇಳುವವರೂ ಇರುತ್ತಾರೆ. ಮಾಲೀಕ ಬೇಡವೆನ್ನುತ್ತಾನೆ. ಅಂಗಡಿ ಎಷ್ಟು ದಿನ ನಡೆಯುತ್ತದೋ, ಮಗ ಬೆಂಗಳೂರಿನಲ್ಲಿದ್ದಾನೆ, ತನಗೂ ವಯಸ್ಸಾಯಿತು. ತಾನು ಹೋದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಈ ಲೆಕ್ಕವನ್ನು ಅವನು ಹಿಂದಿನ ಸಲ ಹಾಕಿರಲಿಲ್ಲ. ಹಿಂದಿನ ಸಲ ನಾಯಿ ಕೇಳಿ ಬಂದಿರಲಿಲ್ಲ.

ನಾಲ್ಕಕ್ಕೆ ಟೀ ಬರುತ್ತದೆ, ಜತೆಗೆ ಬನ್ನು. ಕೈ ಹಳೆಯ ರೂಢಿಯಂತೆ ಎರಡಾಗಿ ಮುರಿಯುತ್ತದೆ. ಒಂದು ಅರ್ಧ ಹಾಗೇ ಕೈಯಲ್ಲಿ ಉಳಿಯುತ್ತದೆ. ಮೊದಮೊದಲು ಅದನ್ನು ಕಾಗದದಲ್ಲಿ ಸುತ್ತಿ ಬದಿಗಿಡುತ್ತಾನೆ. ಆಮೇಲಾಮೇಲೆ ಎದ್ದು ಹೋಗಿ ಚರಂಡಿಯಾಚೆ, ಮುಚ್ಚಿದ ಮಿಲ್ಲಿನ ಗೋಡೆಯ ನೆರಳಲ್ಲಿ ಇಟ್ಟು ಬರುತ್ತಾನೆ. ಅಲ್ಲಿ ಎಲುಬು ಕಾಣುವ ಕರಿಯ ಮರಿಯೊಂದು ಎರಡು ಮೂರು ದಿನದಿಂದ ಸುಳಿದಾಡುತ್ತಿದೆ. ಅವನು ಅದರ ಕಡೆ ನೋಡುವುದಿಲ್ಲ. ಅದೂ ಅವನು ಅಂಗಡಿಗೆ ಮರಳುವವರೆಗೆ ಬನ್ನು ಮುಟ್ಟುವುದಿಲ್ಲ.

ಕಟ್ಟೆಯ ಮೇಲೆ ಗೋಣಿತಾಟು ಹಾಗೇ ಇದೆ. ಕಸ ಗುಡಿಸುವಾಗ ಅದನ್ನು ಎತ್ತಿ ಕೊಡವಿ, ಮತ್ತೆ ಅಲ್ಲೇ ಹಾಸುತ್ತಾನೆ. ಯಾಕೆ ತೆಗೆದುಹಾಕಿಲ್ಲ ಎಂದು ಇನ್ನೂ ಯಾರೂ ಕೇಳಿಲ್ಲ.